ಜೋಡಿಗೂಡು ಅಂದವನು

8 ಫೆಬ್ರವರಿ 2009, ಭಾನುವಾರ

ರೇಷ್ಮೆ ಸೊಸೈಟಿಯವರು ಅಪ್ಪನಿಗೆ ಕೊಟ್ಟ ಡೈರಿ ಇದು. ಜನವರಿ ಪೂರ್ತಿ ಖಾಲಿ ಹೋಗಿದೆ. ಅಮ್ಮ ಹಾಳೆ ಹರಿದು ಹಪ್ಪಳದ ಮಧ್ಯೆ ಇಡುವ ಮೊದಲು ನಾನೇ ಎತ್ತಿಕೊಂಡೆ. ಆಟದ ಅಂಕ ಬರೆದಿಡುವುದಕ್ಕೆ ಬೇಕು. ಮುನಿ ತಾನು ಸೋತದ್ದನ್ನು ಮಾರನೆಯ ದಿನವೇ ಮರೆಯುವ ಆಸಾಮಿ. ನನಗಾದರೆ ಎಲ್ಲವೂ ನೆನಪಿರುತ್ತದೆ. ಆದರೂ ಬರಹದಲ್ಲಿರಲಿ. ಬರೆದದ್ದನ್ನು ತಿರುವಿ ಓದುವ ಅಭ್ಯಾಸ ನನಗಿಲ್ಲ, ಅದರ ಅಗತ್ಯವೂ ಇಲ್ಲ.

ಬೆಳಗ್ಗೆ ಏಳಕ್ಕೇ ಮುನಿ ಬಂದು ನಮ್ಮ ನೂಲು ತೆಗೆಯುವ ಶೆಡ್ಡಿನಲ್ಲಿ ಕೂತ. ಐದನೇ ಕ್ಲಾಸಿನಿಂದ ನನ್ನ ಜೊತೆ ಓದಿದವನು, ದೇವನಹಳ್ಳಿ ರಸ್ತೆಯ ದ್ರಾಕ್ಷಿ ತೋಟದವರ ಮಗ. ನಾನು ಗೂಡು ಆರಿಸುತ್ತಿದ್ದೆ. ಮಾರ್ಕೆಟ್ಟಿನಿಂದ ಬಂದ ರೇಷ್ಮೆಗೂಡನ್ನು ಬಿಸಿನೀರಿಗೆ ಹಾಕುವ ಮೊದಲು ಕಲೆ ಗೂಡು, ತೂತು ಗೂಡು, ಜೋಡಿ ಗೂಡು ಎಲ್ಲವನ್ನೂ ಬೇರೆ ಮಾಡಬೇಕು. ಎಂಟು ವರ್ಷದವನಿದ್ದಾಗಿನಿಂದ ನನ್ನ ಕೆಲಸವೇ ಅದು. ಮುನಿ ಒಂದು ದಪ್ಪ ಗೂಡು ಕೈಗೆತ್ತಿಕೊಂಡು, "ಲೇ ಕಾಂತ, ಇದ್ಯಾಕೋ ಇಷ್ಟು ದಪ್ಪ?" ಅಂದ. ಎರಡು ಹುಳ ಸೇರಿಕೊಂಡು ಒಂದೇ ಗೂಡು ಕಟ್ಟಿವೆ, ಎಳೆ ಎರಡೂ ಸಿಕ್ಕಾಗಿರುತ್ತೆ, ನೂಲು ಬಿಚ್ಚೋಕೆ ಬರಲ್ಲ ಎಂದೆ. ಅವನು ಅದನ್ನು ಕಿವಿಯ ಹತ್ತಿರ ಇಟ್ಟುಕೊಂಡು ಅಲ್ಲಾಡಿಸಿದ. "ಗುರು, ನಮ್ ಗೇಮು ಬಂದ್ರೆ ಹಿಂಗೇ ಬರ್ಬೇಕು ಕಣೋ. ಎರಡು ಹುಳ, ಒಂದೇ ಗೂಡು. ಜೋಡಿಗೂಡು!" ಅಂದ. ಅಪ್ಪ ನೋಡಿದರೆ ಬೈತಾರೆ ಎಂದು ಅವನ ಕೈಯಿಂದ ಕಿತ್ತು ಕಸದ ಗೂಡಿನ ಬುಟ್ಟಿಗೆ ಎಸೆದೆ.

ನಮ್ಮ ಗೇಮು ಎಂದರೆ ಇನ್ನೂ ಹುಟ್ಟದ ಗೇಮು. ಕಂಪ್ಯೂಟರಿನ ಹೊಡೆದಾಟದ ಗೇಮುಗಳಲ್ಲಿ ನಾನು ಆಡುವುದು 'ಐರನ್ ಡೋಜೊ', ನನ್ನವನು ಕುರುಡು ಗುರು ಟಾಡಾವೊ. ಮುನಿ ಆಡುವುದು 'ಹಾರ್ಬರ್ ಕಿಂಗ್ಸ್', ಅವನವಳು ಮೀನು ಮಾರುವ ಡೋನಾ ಕ್ರೂಜ್. ಅವರಿಬ್ಬರೂ ಎದುರುಬದುರು ನಿಂತರೆ ಗೆಲ್ಲುವವರು ಯಾರು? ಮೂರು ವರ್ಷದಿಂದ ಇದೇ ಜಗಳ. ಆ ಗೇಮು ಮಾಡುವ ಎರಡು ಕಂಪನಿಗಳಿಗೆ ಎಣ್ಣೆ ಸೀಗೆಕಾಯಿ ಸಂಬಂಧ, ಒಂದೇ ಆಟದೊಳಗೆ ಇಬ್ಬರನ್ನೂ ತರುವುದೇ ಇಲ್ಲ. ಬಸ್‌ಸ್ಟ್ಯಾಂಡ್ ಎದುರು ಸೈಬರ್ ಅಂಗಡಿ ನೋಡಿಕೊಳ್ಳುವ ಯಶಸ್ವಿನಿ ಇವತ್ತು ಇಂಟರ್ನೆಟ್ಟಿನಲ್ಲಿ ಗೇಮಿನವರು ಚರ್ಚೆ ಮಾಡುವ ಒಂದು ಫೋರಂ ತೆರೆದು ತೋರಿಸಿದಳು. ಪ್ರಪಂಚದ ಸಾವಿರಾರು ಜನ ಇದೇ ಆಟ ಬೇಕು ಎಂದು ಅಲ್ಲಿ ಬಡಿದಾಡುತ್ತಿದ್ದಾರೆ. "ನೀವಿಬ್ರೇ ಹುಚ್ಚರಲ್ಲ ಬಿಡಿ," ಅಂದಳು.

ಐದು ಸಲ ಅವನ ಆಟ, ಐದು ಸಲ ನನ್ನ ಆಟ. ನಾನು 6, ಮುನಿ 4.

22 ಫೆಬ್ರವರಿ, ಭಾನುವಾರ

ಇನ್ನೂರು ಪುಟದ ನೋಟ್‌ಬುಕ್ ತಂದು ನಮ್ಮ ಗೇಮಿನ ಪಟ್ಟಿ ಶುರು ಮಾಡಿದ್ದೇವೆ. ಅವನ ಗೇಮಿನಿಂದ ಹನ್ನೆರಡು, ನನ್ನದರಿಂದ ಹನ್ನೆರಡು, ಒಟ್ಟು ಇಪ್ಪತ್ತನಾಲ್ಕು ಜನ. ಯಾರ ಎದುರು ಯಾರು, ಎಲ್ಲಿ ಹೊಡೆದಾಟ, ಗೆದ್ದವರು ಏನು ಹೇಳುತ್ತಾರೆ, ಎಲ್ಲ ಬರೆದಾಯಿತು. ಟಾಡಾವೊ ಮತ್ತು ಡೋನಾ ಕ್ರೂಜ್ ಹೊಡೆದಾಡುವುದು ಮೀನು ಮಾರ್ಕೆಟ್ಟಿನಲ್ಲಿ. ಅವನಿಗೆ ಕಣ್ಣು ಕಾಣದು, ಅವಳ ವಾಸನೆ ಮಾತ್ರ ಗೊತ್ತಾಗಬೇಕು, ಆದರೆ ಅಲ್ಲಿ ಎಲ್ಲೆಲ್ಲೂ ಮೀನು! ಇದು ನನ್ನ ತಲೆ. ಮುನಿ ಬಿದ್ದು ಬಿದ್ದು ನಕ್ಕ. ರಟ್ಟಿನ ಮೇಲೆ ನಾವಿಟ್ಟ ಹೆಸರು 'ಜೋಡಿಗೂಡು' ಎಂದು ದಪ್ಪಗೆ ಬರೆದೆ. ನನ್ನ ಅಕ್ಷರ ಚೆಂದ.

ಏರ್‌ಪೋರ್ಟಿನಲ್ಲಿ ಗುತ್ತಿಗೆಯವರು ಜನ ತೆಗೆದುಕೊಳ್ಳುತ್ತಿದ್ದಾರಂತೆ. ಇಬ್ಬರೂ ಹೋಗೋಣ ಎಂದಿದ್ದೇವೆ.

ನಾನು 5, ಮುನಿ 5.

12 ಮಾರ್ಚ್, ಗುರುವಾರ

ಮುನಿಗೆ ಸಿಕ್ಕಿತು. ನನಗಿಲ್ಲ.

ಒಬ್ಬ ಸೂಟಿನವನು, "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್," ಅಂದ. ಹೆಸರು ಹೇಳಿದೆ, ಊರು ಹೇಳಿದೆ, ಆಮೇಲೆ ಗೋಡೆಯ ಗಡಿಯಾರ ನೋಡುತ್ತ ನಿಂತೆ. ಮುನಿಗೇನು ಇಂಗ್ಲಿಷ್ ಬರುತ್ತದೆಯೇ? ಮಣ್ಣಂಗಟ್ಟಿ! ತಪ್ಪೋ ಒಪ್ಪೋ ನಗುನಗುತ್ತ ಬಡಬಡಿಸಿದ, ಅಷ್ಟೇ. ಅಂಥವರದೇ ಕಾಲ.

ರಾತ್ರಿ ಅಮ್ಮ, "ಹೋಗ್ಲಿ ಬಿಡಪ್ಪಾ, ನಿಂಗೇನು ಕೈಕೆಲಸ ಇಲ್ವಾ," ಎಂದು ಇನ್ನೊಂದು ಮುದ್ದೆ ಹಾಕಿದಳು.

29 ಮಾರ್ಚ್, ಭಾನುವಾರ

ಮುನಿಕೃಷ್ಣ ಕೊರಳಿಗೆ ಏರ್‌ಪೋರ್ಟಿನ ಕಾರ್ಡ್ ನೇತುಹಾಕಿಕೊಂಡೇ ಅಂಗಡಿಗೆ ಬಂದ. ರಜೆ ದಿನ ಅದನ್ನು ಯಾಕೆ ಹಾಕಿಕೊಳ್ಳಬೇಕು? ಟ್ರೈನಿಂಗ್‌ನಲ್ಲಿ ಕಲಿಸಿದ್ದನ್ನು ಯಶಸ್ವಿನಿಯ ಮುಂದೆ ಮಾಡಿ ತೋರಿಸಿದ, ಸೊಂಟ ಬಗ್ಗಿಸಿ, "ಮೇ ಐ ಹೆಲ್ಪ್ ಯೂ ಮೇಡಂ?" ಅವಳು ಕುರ್ಚಿಯಿಂದ ಬೀಳುವಷ್ಟು ನಕ್ಕಳು. ನಾನೂ ನಕ್ಕೆ. ನನಗೇನೂ ನಗು ಬಂದಿರಲಿಲ್ಲ.

ನೋಟ್‌ಬುಕ್ ಒಂದು ವಾರ ಕೊಡು ಅಂದ. ಕೊಟ್ಟೆ. 

ನಾನು 7, ಅವನು 3. ಕೆಲಸದ ಸುಸ್ತು ಎಂದು ನೆಪ ಹೇಳಿದ.

5 ಏಪ್ರಿಲ್, ಭಾನುವಾರ

ಇವತ್ತು ಕಂಡದ್ದನ್ನು ಹೇಗೆ ಬರೆಯಲಿ?

ಮುನಿಕೃಷ್ಣ ನಮ್ಮ ನೋಟ್‌ಬುಕ್ಕನ್ನು ತನ್ನ ಹರಕು ಇಂಗ್ಲಿಷಿಗೆ ತಿರುಗಿಸಿ ಪೂರ್ತಿ ಫೋರಂನಲ್ಲಿ ಹಾಕಿಬಿಟ್ಟಿದ್ದಾನೆ. ಮೇಲೆ ಹೆಸರು, ಡಬಲ್ ಕಕೂನ್. ಕೆಳಗೆ, ಎರಡು ಹುಳ ಸೇರಿ ಕಟ್ಟುವ ಗೂಡಿನ ವಿವರ. ನಲವತ್ತಮೂರು ಜನ ಉತ್ತರ ಬರೆದಿದ್ದಾರೆ. ಇಷ್ಟು ಒಳ್ಳೆಯ ಪಟ್ಟಿ ಇದುವರೆಗೆ ಯಾರೂ ಮಾಡಿಲ್ಲವಂತೆ. ಹೆಸರಂತೂ ಅದ್ಭುತವಂತೆ. ಬ್ರೆಜಿಲ್‌ನವನೊಬ್ಬ ಮೀನು ಮಾರ್ಕೆಟ್ಟಿನ ಹೊಡೆದಾಟದ ಚಿತ್ರವನ್ನೇ ಬರೆದು ಹಾಕಿದ್ದಾನೆ. ಯಶಸ್ವಿನಿ ಅದನ್ನು ಕಲರ್ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದಳು. ನನ್ನ ತಲೆಯಲ್ಲಿ ಹುಟ್ಟಿದ ಮೀನು ಮಾರ್ಕೆಟ್ಟು!

"ಹೆಂಗೈತೆ ಗುರು?" ಅಂದ.

"ಚೆನ್ನಾಗಿದೆ. ನನ್ನ ಹೆಸರೆಲ್ಲಿ?"

"ಹಾಕಿದೀನಲ್ಲೋ. ನೋಡು, ಮೈ ಫ್ರೆಂಡ್ ಅಂಡ್ ಐ."

ಮೈ ಫ್ರೆಂಡ್. ಪ್ರಪಂಚದಲ್ಲಿ ಎಷ್ಟು ಕೋಟಿ ಫ್ರೆಂಡುಗಳಿದ್ದಾರೆ?

9 ಏಪ್ರಿಲ್, ಗುರುವಾರ

ನೂರಾ ಹನ್ನೆರಡು ಉತ್ತರ. ನಾನೇನು ಅದನ್ನು ನೋಡುವುದಕ್ಕೆಂದೇ ಹೋದದ್ದಲ್ಲ, ಅಪ್ಪನ ಲೈಸೆನ್ಸಿನ ಜೆರಾಕ್ಸ್ ಬೇಕಿತ್ತು.

17 ಏಪ್ರಿಲ್, ಶುಕ್ರವಾರ

ಶೆಡ್ಡಿನಲ್ಲಿ ಮರ್ಯಾದೆ ಹೋಯಿತು. ನಾನು ಆರಿಸಿಕೊಟ್ಟ ಗೂಡು ಬಿಸಿನೀರಿಗೆ ಬಿದ್ದದ್ದೇ ತಡ, ಎಳೆ ಪಟಪಟ ಕಡಿಯತೊಡಗಿತು. ನೂಲು ತೆಗೆಯುವ ಅಮ್ಮಯಮ್ಮ ಜಾಲರಿಯಲ್ಲಿ ತೋಡಿ ತೆಗೆದರೆ ಒಂದಲ್ಲ ಎರಡಲ್ಲ, ಒಂಬತ್ತು ಜೋಡಿ ಗೂಡು.

"ಏನಪ್ಪಾ ಕಾಂತರಾಜು, ಕಣ್ಣೆಲ್ಲಿ ಮಡಗಿದ್ದೆ? ಮದ್ವೆ ಗೊತ್ತಾಗೈತಾ?" ಎಂದು ಅವಳು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ಹದಿನಾಲ್ಕು ವರ್ಷದಲ್ಲಿ ನನ್ನ ಕೈಯಿಂದ ಹೀಗಾದದ್ದೇ ಇಲ್ಲ. ಎಲ್ಲ ಆ ಮುನಿಕೃಷ್ಣನಿಂದ. ಗೂಡು ನೋಡಿದಾಗಲೆಲ್ಲ ಅವನ ಹಲ್ಲು ಕಾಣಿಸುತ್ತದೆ.

26 ಏಪ್ರಿಲ್, ಭಾನುವಾರ

ಅಂಗಡಿಗೆ ಹೋಗಲಿಲ್ಲ. ಮನೆಯಲ್ಲೇ ಕೂತು ಯೋಚಿಸಿದೆ.

ಪಟ್ಟಿ ಇಬ್ಬರದೂ ಇರಬಹುದು, ಒಪ್ಪಿಕೊಳ್ಳೋಣ. ಆದರೆ ಜನ ಕುಣಿಯುತ್ತಿರುವುದು ಪಟ್ಟಿಗಲ್ಲ, ಹೆಸರಿಗೆ. ಆ ಹೆಸರು ನನ್ನದು. ದ್ರಾಕ್ಷಿ ತೋಟದವನಿಗೆ ಜೋಡಿಗೂಡು ಎಂದರೆ ಏನು ಗೊತ್ತು? ಎಂಟನೇ ವಯಸ್ಸಿನಿಂದ ಗೂಡು ಆರಿಸುತ್ತಿರುವವನು ಯಾರು? ಆವತ್ತು ಶೆಡ್ಡಿನಲ್ಲಿ ನಾನೇ ಆ ಗೂಡು ಎತ್ತಿ ಬೆಳಕಿಗೆ ಹಿಡಿದು, ನೋಡೋ ಮುನಿ, ಎರಡು ಹುಳ ಒಂದೇ ಗೂಡು, ನಮ್ಮ ಗೇಮು ಹೀಗಿರಬೇಕು ಎಂದದ್ದು ಕಣ್ಣಿಗೆ ಕಟ್ಟಿದಂತಿದೆ. ಹೆಂಚಿನ ಸಂದಿಯಿಂದ ಬಿಸಿಲು ತಟ್ಟೆಯ ಮೇಲೆ ಬಿದ್ದಿತ್ತು. ಅವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅಷ್ಟು ಸ್ಪಷ್ಟವಾಗಿ ನೆನಪಿದೆ.

ಕೆಲಸ ಅವನಿಗೆ, ಕೊರಳ ಕಾರ್ಡು ಅವನಿಗೆ, ಯಶಸ್ವಿನಿಯ ನಗು ಅವನಿಗೆ. ಈಗ ನಾನು ಹುಟ್ಟಿಸಿದ ಒಂದು ಮಾತೂ ಅವನಿಗೇ ಬೇಕೇ? ಹೊಟ್ಟೆ ಉರಿಯುತ್ತದೆ. ಯಾರೂ ಓದದ ಡೈರಿಯಲ್ಲಿ ಸುಳ್ಳೇಕೆ ಬರೆಯಲಿ, ಉರಿಯುತ್ತದೆ.

3 ಮೇ, ಭಾನುವಾರ

ಕೇಳಿಯೇ ಬಿಟ್ಟೆ.

ಅಂಗಡಿಯಲ್ಲಿ ಆರೇಳು ಜನ ಇದ್ದರು. ಫೋರಂನಲ್ಲಿ ಯಾರೋ, ಈ ಹೆಸರು ಹೊಳೆದದ್ದು ಹೇಗೆ ಎಂದು ಕೇಳಿದ್ದರು. ಮುನಿಕೃಷ್ಣ ಅದಕ್ಕೆ, 'ಹಾಗೇ ಹೊಳೆಯಿತು' ಎಂದು ಟೈಪ್ ಮಾಡುತ್ತಿದ್ದ.

"ಯಾರಿಗೆ ಹೊಳೀತು?" ಅಂದೆ.

"ಅಂದ್ರೆ?"

"ಜೋಡಿಗೂಡು ಅಂದವನು ಯಾರು, ನೀನಾ ನಾನಾ?"

ಅವನು ತಲೆ ಕೆರೆದುಕೊಂಡ. "ಯಾರೋ ಒಬ್ರು ಅಂದ್ವಿ ಬಿಡೋ. ಇಬ್ರೂ ಅಲ್ಲೇ ಇದ್ವಲ್ಲ."

"ಯಾರೋ ಒಬ್ರಲ್ಲ. ನಾನು. ನನ್ನ ಡೈರಿಯಲ್ಲಿ ತಾರೀಖಿನ ಸಮೇತ ಇದೆ."

"ನೀನು ಡೈರಿ ಬರೀತೀಯಾ?" ಎಂದು ನಗತೊಡಗಿದ. ಆ ನಗು ಕೇಳಿ ನನ್ನ ಪಿತ್ತ ನೆತ್ತಿಗೇರಿತು. ಇನ್ನೂ ಒಂದೆರಡು ಮಾತು ಆಡಿದೆ. ಸಿಟ್ಟಿನಲ್ಲಿ ಬಂದದ್ದು, ಬರೆಯುವಂಥದ್ದೇನೂ ಅಲ್ಲ. ಅವನು ಎದ್ದು ಹೋದ. ಹೋಗುವಾಗ ಆ ಕಾರ್ಡನ್ನು ತೆಗೆದು ಜೇಬಿಗೆ ಹಾಕಿಕೊಂಡ, ಅದ್ಯಾಕೋ.

ಯಶಸ್ವಿನಿ ನನ್ನನ್ನೇ ನೋಡುತ್ತಿದ್ದಳು. "ಡೈರಿ ಇದ್ರೆ ತಂದು ತೋರ್ಸಿ ಕಾಂತರಾಜು ಅವ್ರೇ. ಮುಂದಿನ ಭಾನುವಾರ," ಅಂದಳು. ತರುತ್ತೇನೆ ಅಂದೆ. ಎಲ್ಲರ ಮುಂದೆ ಅಂದೆ.

5 ಮೇ, ಮಂಗಳವಾರ

ತೋರಿಸಬೇಕಾದ ಪುಟಕ್ಕೆ ಗುರುತಿಡೋಣ ಎಂದು ಹಿಂದಕ್ಕೆ ತಿರುಗಿಸಿದೆ.

ಓದಿದೆ.

ಇನ್ನೊಮ್ಮೆ ಓದಿದೆ. ಪುಟ ಮುಚ್ಚಿ, ನೀರು ಕುಡಿದು ಬಂದು ಮತ್ತೆ ಓದಿದೆ. 'ಮುನಿ ಒಂದು ದಪ್ಪ ಗೂಡು ಕೈಗೆತ್ತಿಕೊಂಡು.' ನನ್ನದೇ ಅಕ್ಷರ. ಕಿವಿಯ ಹತ್ತಿರ ಇಟ್ಟುಕೊಂಡವನು ಅವನು. ಜೋಡಿಗೂಡು ಅಂದವನು ಅವನು. ನಾನು ಮಾಡಿದ್ದು ಅದನ್ನು ಕಿತ್ತು ಕಸದ ಬುಟ್ಟಿಗೆ ಎಸೆದದ್ದು. ಬಿಸಿಲು, ಹೆಂಚು, ತಟ್ಟೆ, ಯಾವುದೂ ಆ ಪುಟದಲ್ಲಿ ಇಲ್ಲ. ಹಾಗಾದರೆ ನನ್ನ ಕಣ್ಣಿಗೆ ಕಟ್ಟಿದ್ದು ಏನು?

ಒಂದೇ ಒಂದು ಹಾಳೆ. ಅಮ್ಮ ಹಪ್ಪಳಕ್ಕೆ ಹರಿದಳು ಎಂದರೆ ಯಾರು ಕೇಳುತ್ತಾರೆ?

8 ಮೇ, ಶುಕ್ರವಾರ

ಹಾಳೆ ಇನ್ನೂ ಹರಿದಿಲ್ಲ. ಬ್ಲೇಡು ಡೈರಿಯ ಮೇಲೇ ಇದೆ.

ಸಂಜೆ ಯಶಸ್ವಿನಿ ಅಂಗಡಿಯ ಬಾಗಿಲಿಂದಲೇ ಕರೆದು, "ಬನ್ನಿ, ನಿಮ್ ಹೆಸರು ಬಂದಿದೆ," ಅಂದಳು. ಮುನಿಕೃಷ್ಣ ಮೊದಲ ಸಾಲನ್ನೇ ತಿದ್ದಿದ್ದಾನೆ. 'ಈ ಹೆಸರು ಕೊಟ್ಟವನು ನನ್ನ ಗೆಳೆಯ ಕಾಂತರಾಜು. ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುತ್ತಾನೆ. ಮೊದಲೇ ಬರೆಯದಿದ್ದದ್ದು ನನ್ನ ತಪ್ಪು.' ಕೆಳಗೆ ಅರವತ್ತು ಜನ ನನಗೆ ಜೈಕಾರ ಹಾಕಿದ್ದಾರೆ. ಆ ಬ್ರೆಜಿಲ್‌ನವನು ನನ್ನನ್ನೇ ಇಪ್ಪತ್ತೈದನೆಯ ಫೈಟರ್ ಮಾಡಿ ಚಿತ್ರ ಬರೆದಿದ್ದಾನೆ! ಎದೆ ಉಬ್ಬಿದ ಗಂಡಾಳು, ಒಂದು ಕೈಯಲ್ಲಿ ಜಾಲರಿ ಸೌಟು, ಇನ್ನೊಂದು ಕೈಯಿಂದ ಬೆಂಕಿಯಂತೆ ಹೊಮ್ಮುವ ರೇಷ್ಮೆ ಎಳೆ. ಕೆಳಗೆ ಇಂಗ್ಲಿಷಿನಲ್ಲಿ ಕಾಂತರಾಜು.

ಬೇಕೆಂದದ್ದೆಲ್ಲ ಸಿಕ್ಕಿತು. ಪ್ರಿಂಟ್ ತೆಗೆದುಕೊಡಲಾ ಎಂದು ಅವಳು ಕೇಳಿದಳು. ಬೇಡ ಅಂದೆ.

10 ಮೇ, ಭಾನುವಾರ

ಡೈರಿ ಚೀಲದಲ್ಲಿತ್ತು. ಹಾಳೆಯೂ ಅದರಲ್ಲೇ ಇತ್ತು. ಹರಿಯಲು ಮೂರು ಸಲ ಕೂತೆ, ಕೈ ಬರಲಿಲ್ಲ.

ಮುನಿ ಡ್ಯೂಟಿಗೆ ಹೋಗುವ ದಾರಿಯಲ್ಲಿ ಯೂನಿಫಾರ್ಮಿನಲ್ಲೇ ಬಂದಿದ್ದ. ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದ. "ಲೇ, ನಂಗೆ ನಿಜ್ವಾಗ್ಲೂ ನೆನಪಿಲ್ಲ ಕಣೋ. ಎಷ್ಟು ಯೋಚ್ನೆ ಮಾಡಿದ್ರೂ ಬರ್ತಿಲ್ಲ. ನೀನು ಅಷ್ಟು ಖಡಾಖಂಡಿತ ಹೇಳ್ತೀಯ ಅಂದ್ಮೇಲೆ ನಿಂದೇ ಇರ್ಬೇಕು. ಗೂಡಿನ ವಿಷ್ಯ ನಂಗೇನ್ ಗೊತ್ತು?"

ಅಂದರೆ ಇವನು ಸೋತು ಬಿಟ್ಟುಕೊಟ್ಟದ್ದಲ್ಲ, ನನ್ನನ್ನು ನಂಬಿದ್ದಾನೆ. ನಾನು ಸುಮ್ಮನಿದ್ದರೆ ಈ ಭೂಮಿಯ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

"ಡೈರಿ ತಂದ್ರಾ?" ಎಂದು ಯಶಸ್ವಿನಿ ಕೇಳಿದಳು.

"ಮರೆತುಬಂದೆ," ಅಂದೆ.

"ಅದ್ಯಾಕ್ರೀ ಈಗ, ಬಿಡಿ," ಎಂದು ಮುನಿಯೇ ಮಾತು ಹಾರಿಸಿದ. ನಾಲ್ಕೇ ಆಟ ಆಡಿದೆವು, ಚೀಲ ನನ್ನ ತೊಡೆಯ ಮೇಲೇ ಇತ್ತು. ನಾನು 0, ಮುನಿ 4. ಎಂದಿನಂತೆ ಕಿಚಾಯಿಸಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟ.

14 ಮೇ, ಗುರುವಾರ

ನಾಲ್ಕು ದಿನದಿಂದ ಊಟ ರುಚಿಸುತ್ತಿಲ್ಲ. ಅಪ್ಪ ಇವತ್ತು ನನ್ನ ಕೈಯಿಂದ ಗೂಡಿನ ತಟ್ಟೆ ಕಿತ್ತುಕೊಂಡು, "ಹೋಗು, ಅದೇನಿದ್ಯೋ ಮುಗಿಸ್ಕೊಂಡ್ ಬಾ," ಅಂದರು. ಅವರಿಗೆ ಏನು ಗೊತ್ತಿತ್ತೋ.

ದೇವನಹಳ್ಳಿಗೆ ಬಸ್ಸು, ಅಲ್ಲಿಂದ ಏರ್‌ಪೋರ್ಟಿಗೆ ಇನ್ನೊಂದು. ಗಡಿಯಾರ ನೋಡುತ್ತ ನಿಂತ ಆ ದಿನದ ನಂತರ ಆ ಕಡೆ ತಲೆ ಹಾಕಿರಲಿಲ್ಲ. ಕಳಿಸಿಕೊಡಲು ಬಂದವರು ನಿಲ್ಲುವ ಜಾಗದಲ್ಲಿ ನಿಂತೆ. ಸುಮಾರು ಹೊತ್ತಿನ ಮೇಲೆ ಮುನಿ ಕಂಡ. ಒಂದರೊಳಗೊಂದು ಸೇರಿಸಿದ ನಲವತ್ತು ಟ್ರಾಲಿಯ ಸಾಲನ್ನು ಬೆನ್ನು ಬಗ್ಗಿಸಿ ಒಬ್ಬನೇ ದೂಡಿಕೊಂಡು ಬರುತ್ತಿದ್ದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಟ್ರಾಲಿ ಎಂದರೆ ಒಂದೆರಡು ತಳ್ಳಿ, ಇಂಗ್ಲಿಷ್ ಮಾತಾಡಿಕೊಂಡು ನಿಂತಿರುತ್ತಾನೆ ಎಂದುಕೊಂಡಿದ್ದೆ ನಾನು.

"ಏನೋ ಇಲ್ಲಿ? ಅಪ್ಪ ಹುಷಾರಾಗಿದಾರಾ?" ಎಂದು ಗಾಬರಿಯಾದ.

ಚೀಲದಿಂದ ಡೈರಿ ತೆಗೆದೆ. ಫೆಬ್ರವರಿ ಎಂಟರ ಪುಟ ತೆರೆದು ಕೈಗೆ ಕೊಟ್ಟೆ. "ಇದೊಂದೇ ಪುಟ ಓದು," ಅಂದೆ. ಅವನು ನಿಂತೇ ಓದಿದ. ತುಟಿ ಅಲ್ಲಾಡುತ್ತಿತ್ತು. ಓದಿ ಮುಗಿಸಿ ಮುಂದಿನ ಪುಟಕ್ಕೆ ಕೈ ಹಾಕಿದ. ನಾನು ತಡೆಯಬಹುದಿತ್ತು. ತಡೆಯಲಿಲ್ಲ. ಅಷ್ಟರಲ್ಲಿ ಯಾರೋ ಅವನ ಹೆಸರು ಹಿಡಿದು ಕೂಗಿದರು. "ಮಡಗಿಕೊಂಡಿರ್ತೀನಿ," ಎಂದು ಡೈರಿಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಹೋದ.

ಬಂದ ಮೇಲೆ ಇದನ್ನು ಅವನು ಹಿಂದೆಯೇ ವಾಪಸು ಕೊಟ್ಟಿದ್ದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಬರೆಯದೆ ಇರಲಾಗಲಿಲ್ಲ.

21 ಮೇ, ಗುರುವಾರ

ಮುನಿಯ ತಂಗಿ ಚಂದನ ಡೈರಿ ತಂದು ಅಮ್ಮನ ಕೈಗೆ ಕೊಟ್ಟು ಹೋಗಿದ್ದಾಳೆ. ಒಂದು ವಾರ ಇಟ್ಟುಕೊಂಡಿದ್ದ. ಹೊಟ್ಟೆ ಉರಿಯುತ್ತದೆ ಎಂದು ಬರೆದದ್ದು, ಹಲ್ಲು ಕಾಣಿಸುತ್ತದೆ ಎಂದು ಬರೆದದ್ದು, ಬ್ಲೇಡು, ಎಲ್ಲವನ್ನೂ ಓದಿರುತ್ತಾನೆ. ಅವಕ್ಕೆಲ್ಲ ಒಂದು ಅಕ್ಷರ ಉತ್ತರ ಇಲ್ಲ. ಮೇ ಮೂರರ ಪುಟದಲ್ಲಿ ಮಾತ್ರ, ಅಂಚಿನಲ್ಲಿ, ನೀಲಿ ಪೆನ್ನಿನಲ್ಲಿ ಅವನ ಕೋಳಿಕಾಲಿನ ಅಕ್ಷರ:

'ಒಂದೆರಡು ಮಾತು ಆಡಿದೆ ಅಂತ ಬರ್ದಿದೀಯ. ಏನು ಅಂತ ಬರ್ದಿಲ್ಲ. ನಾನು ಬರೀತೀನಿ. "ಟ್ರಾಲಿ ತಳ್ಳೋ ಕೂಲಿಗೆ ಹೆಸರಿಡೋ ಯೋಗ್ಯತೆ ಎಲ್ಲಿಂದ ಬಂತೋ?" ಯಶಸ್ವಿನಿ ಮುಂದೆ, ಎಲ್ಲರ ಮುಂದೆ ನೀನು ಅಂದೆ. ಜೋಡಿಗೂಡು ಯಾರು ಅಂದ್ರೋ ನಂಗೆ ನೆನಪಿರ್ಲಿಲ್ಲ. ಇದು ನೆನಪಿದೆ. ಆ ಹೆಸರು ಯಾರದ್ದಾದ್ರೂ ಇರ್ಲಿ ಕಾಂತ. ಈ ಮಾತು ನಿಂದೇ.'

23 ಮೇ, ಶನಿವಾರ

ಹೌದು, ಆ ಮಾತು ನನ್ನದೇ.

ಸೈಬರ್‌ಗೆ ಹೋಗಿ ಫೋರಂನಲ್ಲಿ ನನ್ನದೊಂದು ಖಾತೆ ತೆರೆದೆ. ಯಶಸ್ವಿನಿ ಬರೆದುಕೊಡುತ್ತೇನೆ ಅಂದಳು, ಬೇಡ ಅಂದೆ. ಎರಡು ಸಾಲು ಬರೆಯಲು ಒಂದೂವರೆ ಗಂಟೆ ಹಿಡಿಯಿತು. 'ಹೆಸರು ಮುನಿಕೃಷ್ಣನದು. ನಾನು ಸುಳ್ಳು ಹೇಳಿದೆ.' ಎರಡೇ ಸಾಲಿನಲ್ಲಿ ಮೂರು ತಪ್ಪಂತೆ, ಯಾರೋ ತಿದ್ದಿ ಹಾಕಿದ್ದಾರೆ. ಹಾಕಲಿ. ಆಮೇಲೆ ಅವತ್ತು ಅಂಗಡಿಯಲ್ಲಿದ್ದವರಲ್ಲಿ ಸಿಕ್ಕ ನಾಲ್ವರ ಮುಂದೆ ಹೋಗಿ ಬಾಯಿಬಿಟ್ಟು ಹೇಳಿದೆ. ಅದಕ್ಕೆ ಇಂಗ್ಲಿಷ್ ಬೇಕಿರಲಿಲ್ಲ, ಆದರೂ ಇಂಗ್ಲಿಷಿಗಿಂತ ಕಷ್ಟವಾಯಿತು.

24 ಮೇ, ಭಾನುವಾರ

ಹತ್ತು ಗಂಟೆಗೆ ಹೋಗಿ ಕೂತೆ. ಹನ್ನೊಂದಾಯಿತು, ಹನ್ನೆರಡಾಯಿತು. ಬರುವುದಿಲ್ಲ ಎಂದು ಏಳುವ ಹೊತ್ತಿಗೆ ಮುನಿ ಬಂದು ಪಕ್ಕದ ಕುರ್ಚಿ ಎಳೆದುಕೊಂಡ. ಕೊರಳಲ್ಲಿ ಕಾರ್ಡ್ ಇತ್ತು. ನಾನು ಕ್ಷಮಿಸು ಎಂದೆ. ಅವನು ಪರದೆಯನ್ನೇ ನೋಡುತ್ತ, "ಹ್ಞೂಂ," ಅಂದ. ಆಟ ಶುರು ಮಾಡಿದೆವು. ಆರನೆಯ ಆಟದಲ್ಲಿ ಡೋನಾ ಕ್ರೂಜ್ ನನ್ನನ್ನು ನೀರಿಗೆ ಎಸೆದಾಗ ಅವನಿಗೆ ತಡೆಯಲಾಗಲಿಲ್ಲ, "ಹೋಗಿ ಮೀನು ಹಿಡೀ ಹೋಗೋ!" ಅಂದ.

ಮುಗಿದ ಮೇಲೆ ಡೈರಿಯನ್ನೂ ಪೆನ್ನನ್ನೂ ಅವನ ಮುಂದಿಟ್ಟೆ. ಕೆಳಗಿನದು ಅವನು ಬರೆದದ್ದು.

ಮುನಿ 6, ಕಾಂತ 4.